ಸತ್ತೆವ್ವ ಎಲ್ಲಿದ್ದಾಳೆ

ತಪ್ಪು ನನ್ನದೇ. ಸತ್ತೆವ್ವನನ್ನು ಆ ವಾಟ್ಸಾಪ್ ಗುಂಪಿಗೆ ಸೇರಿಸಿದವಳು ನಾನು, ಮಸಗುಪ್ಪಿಯ ಶೋಭಾ, ಓಣಿಗೆಲ್ಲ ಬುದ್ಧಿ ಹೇಳುತ್ತ ಮೆರೆಯುವವಳು.

ಸತ್ತೆವ್ವ ಕುರಿ ಕಾಯುವವಳು. ಕಟಾವಾದ ಹೊಲದಲ್ಲಿ ಗೊಬ್ಬರಕ್ಕಾಗಿ ಎರಡು ದಿನ ಕುರಿ ತರುಬಿ ನಿಲ್ಲಿಸುವುದು, ಆಮೇಲೆ ಮುಂದಿನ ಹೊಲಕ್ಕೆ ನಡೆಯುವುದು. ಇಪ್ಪತ್ತು ವರ್ಷದಿಂದ ಅವಳದೂ ಗಂಡ ಮಾಲಿಂಗನದೂ ಇದೇ ಬದುಕು. ಹಿಂಡು ಎಲ್ಲಿದೆಯೆಂದು ಹೆಚ್ಚು ಜನಕ್ಕೆ ಗೊತ್ತಾದಷ್ಟೂ ಹೆಚ್ಚು ಹೊಲ ಸಿಗುತ್ತವೆ. ಅದಕ್ಕೇ ಎಂಟು ನೂರು ರೈತರಿದ್ದ ಗುಂಪಿಗೆ ಸೇರಿಸಿ, ದಿನಾ ಒಂದು ಫೋಟೋ, ಒಂದು ಲೊಕೇಶನ್ ಹಾಕಲು ಕಲಿಸಿದೆ. ಅಕ್ಷರ ಬಾರದವಳು ನನಗಿಂತ ಚುರುಕಾಗಿ ಕಲಿತಳು.

ಈ ಸಲ ಮಾಲಿಂಗ ಹೊಟ್ಟೆಯ ಆಪರೇಷನ್ನಿಗೆಂದು ಘಟಪ್ರಭಾದ ಆಸ್ಪತ್ರೆ ಸೇರಿದ. ಅದೇ ವಾರ ಕಣಗಲಾದಿಂದ ಒಬ್ಬ ರೈತ ಹಿಂಡನ್ನು ಕರೆದ. ಸುಮ್ಮನೆ ಒಲ್ಲೆ ಅಂದರೆ ಮುಂದಿನ ವರ್ಷ ಕರೆಯುವುದಿಲ್ಲವೆಂದು, ಇವಳು ಗುಂಪಿನಲ್ಲೇ ತನ್ನ ದನಿ ರೆಕಾರ್ಡ್ ಮಾಡಿ ಹಾಕಿಬಿಟ್ಟಳು: "ನಮ್ಮವರು ದವಾಖಾನ್ಯಾಗ ಅದಾರ್ರಿ. ನಾ ಒಬ್ಬಾಕಿನ ಅದೀನಿ. ಅಷ್ಟು ದೂರ ಬರಾಕ ಆಗೂದಿಲ್ರಿ."

ಮರುದಿನ ಮಧ್ಯಾಹ್ನ ನಾನು ಊರಾಚೆಯ ಹೊಲಕ್ಕೆ ಅವಳಿಗೆ ರೊಟ್ಟಿ ಒಯ್ದಿದ್ದೆ. ಫೋನ್ ಬಂತು. ಎಂದಿನಂತೆ ಸ್ಪೀಕರ್ ಹಾಕಿದಳು.

"ಮಾಲಿಂಗಗ ಹೆಂಗೈತಿ?" ಗೊತ್ತಿಲ್ಲದ ದನಿ, ಬಹಳ ಮೆತ್ತಗಿತ್ತು. "ಒಬ್ಬಾಕಿನ ಬೇವಿನ ಗಿಡದ ಬುಡಕ್ಕ ಮಲಗತಿ. ನಾಯಿ ಬ್ಯಾರೆ ಕುಂಟಾಕತ್ತೈತಿ. ಹೆದರಬ್ಯಾಡ, ನಾವು ಬರತೇವಿ."

"ಯಾರ್ರಿ ನೀವು?" ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ನಾನು ಗುಂಪು ತೆರೆದು ನೋಡಿದೆ. ಬೇವಿನ ಗಿಡ, ಅದರ ಕೆಳಗೆ ಅವಳ ಹಾಸಿಗೆ, ಕಾಲಿಗೆ ಬಟ್ಟೆ ಕಟ್ಟಿದ ನಾಯಿ. ಎಲ್ಲ ಅವಳೇ ಹಾಕಿದ್ದು, ನಾನು ಕಲಿಸಿದಂತೆಯೇ. ಅವಳ ಫೋನ್ ಇಸಿದುಕೊಂಡೆ. ಅಳಿಸಲು ಬಂದಷ್ಟು ಅಳಿಸಿದೆ. ಆದರೆ ಎಂಟು ನೂರು ಜನ ಆಗಲೇ ನೋಡಿದ್ದನ್ನು ಹೇಗೆ ಅಳಿಸುವುದು? ಠಾಣೆಗೆ ಆ ನಂಬರ್ ಕೊಟ್ಟು, ಹೊತ್ತಿರುವಾಗಲೇ ಕುರಿಗಳನ್ನೆಲ್ಲ ನಮ್ಮ ಹಿತ್ತಲಿಗೆ ಹೊಡೆದುಕೊಂಡು ಬಂದು ಬಾಗಿಲು ಹಾಕಿದೆವು. ದಾರಿಯಲ್ಲಿ ಹಿಂದೆ ಬಂದ ಪ್ರತಿ ಬೈಕನ್ನೂ ಸತ್ತೆವ್ವ ನಿಂತು ನಿಂತು ನೋಡಿದಳು.

ಸಂಜೆ ಮತ್ತೆ ಫೋನ್, ಮತ್ತೊಂದು ಹೊಸ ನಂಬರ್. ಅವಳು ಮುಟ್ಟಲಿಲ್ಲ. ನಾನೇ ಎತ್ತಿ ಸ್ಪೀಕರ್ ಹಾಕಿದೆ.

"ಸತ್ತೆವ್ವಾ, ನಾನು. ನನ್ನ ಫೋನ್ ಚಾರ್ಜಿಲ್ಲ, ಬಾಜೂ ಮಂಚದವರ ಫೋನ್ ಇದು." ಮಾಲಿಂಗನದೇ ದನಿ. "ಇವರೂ ಆ ಗುಂಪಿನ್ಯಾಗ ಅದಾರ. ಇವತ್ತು ನಿನ್ನ ಫೋಟೋನ ಇಲ್ಲ ಅಂದ್ರು. ಎಲ್ಲಿ ಅದಿ?"

ಸತ್ತೆವ್ವ ನನ್ನ ಮುಖ ನೋಡಿದಳು.

"ಮೂಡಲಗಿ ದಾಟಿ ಬಂದೇನಿ," ಅಂದಳು.

"ನಾಳೆ ಬಿಡತಾರ. ಅಲ್ಲಿಗೇ ಬರತೇನಿ."

ಅವಳು ಫೋನ್ ಆರಿಸಿದಳು. ಹಸಿ ಹೊಲಿಗೆ ಹಿಡಿದುಕೊಂಡು ಆತ ನಾಳೆ ಮೂಡಲಗಿಯಾಚೆ ಹೊಲ ಹೊಲ ಅಲೆಯುತ್ತಾನೆ, ಅದು ಇಬ್ಬರಿಗೂ ಗೊತ್ತಿತ್ತು. ತಿರುಗಿ ಫೋನ್ ಮಾಡಿ ಖರೇ ಹೇಳು ಅನ್ನಲು ಬಾಯಿ ತೆರೆದೆ. ಆದರೆ ಆ ಫೋನೂ ಗುಂಪಿನವರದೇ, ಧೈರ್ಯ ಬರಲಿಲ್ಲ.