ಅತ್ತೆಯ ಕಣ್ಣಿನ ಬಣ್ಣ

ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಒಂದು ವರ್ಷದಿಂದ ದಪ್ಪಗಾಗುತ್ತ ಬಂದು ಕೊನೆಗೆ ಕರಟದ ಚೂರಿನ ಹಾಗೆ ಕಾಣತೊಡಗಿತ್ತು. ಮೊನ್ನೆ ಚರ್ಮದ ಡಾಕ್ಟರಿಗೆ ತೋರಿಸಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂರು ತಿಂಗಳಿಗೆ ಮಾತ್ರೆ ಬರೆದು ಜೊತೆಗೆ ಇನ್ನೊಂದು ಚೀಟಿ ಕೊಟ್ಟರು. “ಇದು ಲಿವರ್ ಟೆಸ್ಟಿಗೆ ಸಾರ್. ಮಾತ್ರೆ ಶುರು ಮಾಡೋ ಮುಂಚೆ ಒಂದ್ಸಲ, ತಿಂಗಳಾದ ಮೇಲೆ ಇನ್ನೊಂದ್ಸಲ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುತ್ತಾರಲ್ಲ, ಬೇರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ನಾನು ನಕ್ಕೆ. ಯಾಕೆ ಎಂದು ಕೇಳಿದರು. “ಏನಿಲ್ಲಮ್ಮ, ನಮ್ಮತ್ತೆ ಜ್ಞಾಪಕಕ್ಕೆ ಬಂದ್ರು” ಎಂದೆ. ಹೊರಗೆ ಇನ್ನೂ ಎಂಟು ಜನ ಕಾದಿದ್ದರು. ಪೂರ್ತಿ ಕೇಳುವ ಪುರಸೊತ್ತು ಆಕೆಗಿರಲಿಲ್ಲ. ನಿಮಗಿದೆ ಎಂದು ನಂಬಿಕೊಂಡು ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಶಾರದೆಯ ತವರು ತುರುವೇಕೆರೆ ಕಡೆಯ ಒಂದು ಹಳ್ಳಿ. ತೆಂಗಿನ ತೋಟದ ಮನೆ. ಆ ಮನೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಲ್ಲಬಾರದು, ನೇರವಾಗಿ ಮಾತಾಡಬಾರದು. ಹಾಗಾಗಿ ನನ್ನ ಅತ್ತೆ ಗೌರಮ್ಮನವರಲ್ಲಿ ನಾನು ಕಂಡಿದ್ದು ಇಷ್ಟೇ: ಹಣೆಯಿಂದ ಕೆಳಕ್ಕೆ ಎಳೆದ ಸೆರಗು, ಹಸಿರು ಬಳೆಯ ಎರಡು ಕೈ, ಬಾಗಿಲ ಹಿಂದಿನಿಂದ ಬರುವ ಒಂದು ದನಿ.

ನಾನು ಊಟಕ್ಕೆ ಕೂತರೆ ಆ ದನಿ ಶುರುವಾಗುತ್ತಿತ್ತು. “ಶಾರದಾ, ಅವ್ರನ್ನ ಕೇಳೇ, ಇನ್ನೊಸಿ ತುಪ್ಪ ಬುಡ್ಲಾ ಅಂತ.” ಶಾರದೆ ನನ್ನ ಕಡೆ ತಿರುಗಿ, “ತುಪ್ಪ ಬಿಡ್ಲಾ ಅಂತೆ” ಎನ್ನುವಳು. “ಸಾಕು ಅನ್ನು” ಎನ್ನುವೆ. “ಸಾಕಂತೆ ಕಣವ್ವ.” ನಮ್ಮಿಬ್ಬರ ನಡುವಿನ ದೂರ ಮೂರು ಮೊಳ. ನನ್ನ ಮಾತು ಮಗಳ ಮೂಲಕ ಸುತ್ತಿ ಬಾಗಿಲು ತಲುಪುವಷ್ಟರಲ್ಲಿ ಬಾಗಿಲಿಂದ ಚಾಚಿದ ಕೈ ತುಪ್ಪ ಬಿಟ್ಟು ಮುಗಿಸಿರುತ್ತಿತ್ತು. ಆ ವರ್ಷ ನಾನು ದಪ್ಪಗಾಗಿದ್ದಕ್ಕೆ ಈ ಪದ್ಧತಿಯೇ ಕಾರಣ.

ಇಂಥ ಅತ್ತೆಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ಕ್ಷಯ ಎಂದರು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಶಾರದೆಗೆ ಏಳು ತಿಂಗಳು, ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅವಳು ಆಸ್ಪತ್ರೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಮಾವನಿಗೆ ತೋಟ, ದನ. ಊರಲ್ಲಿದ್ದವನು ಅಳಿಯ ಒಬ್ಬನೇ. ಬೆಳಿಗ್ಗೆ ಸಂಜೆ ಊಟ ತರುವುದು, ಡಾಕ್ಟರು ಬಂದಾಗ ಮಂಚದ ಪಕ್ಕ ನಿಲ್ಲುವುದು, ಎಲ್ಲ ನನ್ನ ಪಾಲಿಗೆ ಬಂತು. ಪಕ್ಕದ ಮಂಚದಲ್ಲಿ ಕಾಲು ಮುರಿದು ಕಟ್ಟು ಹಾಕಿಸಿಕೊಂಡು, ಸೂರು ನೋಡುತ್ತ ಮಲಗಿದ್ದ ಜಯಮ್ಮ ಎಂಬಾಕೆ ಮೊದಲ ದಿನವೇ ನಮ್ಮಿಬ್ಬರ ನಡುವಿನ ದೂತಿಯಾದಳು. ಜಯಮ್ಮ ನಿದ್ದೆ ಹೋಗಿದ್ದರೆ ಅತ್ತೆ ಗೋಡೆಗೆ ಹೇಳುತ್ತಿದ್ದರು: “ನಾಳೆ ಬರೋವಾಗ ಬಾಚಣಿಗೆ ತರಬೇಕಿತ್ತು.” ನಾನೂ ಗೋಡೆಗೇ, “ಆಗಲಿ” ಎಂದು ಉತ್ತರ ಕೊಡುತ್ತಿದ್ದೆ.

ಎದೆಯ ನೀರು ತೆಗೆದರು. ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಕೆಂಪು ಮಾತ್ರೆ, ಒಂದಷ್ಟು ಬಿಳಿ ಮಾತ್ರೆ. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ಬಿಡಿಸಿ ಹೇಳಿದರು: “ಮೂತ್ರ ಕೆಂಪಗೆ ಹೋಗುತ್ತೆ, ಅದು ಮಾತ್ರೆ ಬಣ್ಣ, ಹೆದರಬೇಡಿ. ಆದ್ರೆ ಊಟ ಸೇರದಿದ್ರೆ, ವಾಂತಿ ಬಂದ್ರೆ, ಕಣ್ಣು ಹಳದಿ ಆದ್ರೆ ಅವತ್ತೇ ಹೇಳಬೇಕು. ಈ ಮಾತ್ರೆ ಕೆಲವರ ಲಿವರ್ ಕೆಡಿಸುತ್ತೆ. ಹೇಳಿಬಿಡಿ ಅವರಿಗೆ.”

ಹೇಳಿಬಿಡಿ ಅಂದರೆ? ಅತ್ತೆಯ ಮುಂದೆ ಅಳಿಯ ಮೂತ್ರದ ಮಾತೆತ್ತುವುದೇ? ಜಯಮ್ಮನ ಕಡೆ ಮುಖ ಮಾಡಿ, “ನೀರು ಕೆಂಪಗೆ ಹೋದ್ರೆ ಹೆದರೋದು ಬೇಡವಂತೆ” ಎಂದೆ. ಅಷ್ಟಕ್ಕೇ ಅತ್ತೆ ಇಡೀ ಮುಖ ಮುಚ್ಚಿಕೊಂಡು ಗೋಡೆ ಕಡೆ ಹೊರಳಿದರು. ನನ್ನ ಕಿವಿ ಬಿಸಿಯಾಯಿತು. ಸ್ಕೂಲಿಗೆ ಹೊತ್ತಾಯಿತು ಎಂದು ಓಡಿದೆ. ಮಾತಿನ ಉಳಿದರ್ಧ, ಅಂದರೆ ಜೀವ ಉಳಿಸುವ ಅರ್ಧ, ನನ್ನ ಬಾಯಲ್ಲೇ ಉಳಿಯಿತು.

ಇನ್ನು ನನ್ನ ಅಡುಗೆಯ ವಿಚಾರ. ಪುಸ್ತಕ ಓದಿಕೊಂಡಾದರೂ ಪಾಠ ಮಾಡಬಹುದು, ಮುದ್ದೆ ಕಟ್ಟಲು ಕೈ ಪಳಗಬೇಕು. ನನ್ನ ಮುದ್ದೆಯಲ್ಲಿ ಹಿಟ್ಟಿನ ಗಂಟುಗಳು ತಾವೇ ಒಂದು ಊರು ಕಟ್ಟಿಕೊಂಡಿರುತ್ತಿದ್ದವು. ಆದರೂ ಟಿಫಿನ್ ಕ್ಯಾರಿಯರ್ ದಿನಾ ಖಾಲಿಯಾಗಿ, ತೊಳೆದು ಬರುತ್ತಿತ್ತು. ನಾನು ಬೀಗಿದೆ. ಶಾರದೆಗೆ ಕಾಗದ ಬರೆದೆ: ‘ನಿಮ್ಮವ್ವನಿಗೆ ನನ್ನ ಬಸ್ಸಾರು ತುಂಬ ಹಿಡಿಸಿದೆ. ನೀನೂ ಬಂದು ಕಲಿಯಬಹುದು.’ ಡಾಕ್ಟರು ಬೆಳಿಗ್ಗೆ ಬಂದು, “ಊಟ ಸೇರ್ತಾ ಇದ್ಯಾ ಅಮ್ಮ?” ಎಂದಾಗಲೆಲ್ಲ ಸೆರಗಿನೊಳಗಿನ ತಲೆ ಜೋರಾಗಿ ಹೂಂ ಎಂದು ಆಡುತ್ತಿತ್ತು.

ನಾಲ್ಕನೆಯ ವಾರ ಮಾವ ಎಳನೀರಿನ ಚೀಲ ಹೊತ್ತು ಬಂದರು. ನಾನಾಗ ಸ್ಕೂಲಿನಲ್ಲಿದ್ದೆ, ಅವರ ಮಾತು ಆಮೇಲೆ ಜಯಮ್ಮ ಹೇಳಿ ತಿಳಿದದ್ದು. ತೋಟಕ್ಕೆ ಕಪ್ಪುತಲೆ ಹುಳು ಬಿದ್ದಿತ್ತಂತೆ. ಎಳೆ ಬೇರನ್ನು ಓರೆಯಾಗಿ ಕುಯ್ದು, ಔಷಧಿ ಹಾಕಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟುತ್ತಾರೆ. ಬೇರು ಅದನ್ನು ಹೀರಿಕೊಳ್ಳುತ್ತದೆ. “ಬೇರಿಗೆ ಔಷಧಿ ಕಟ್ಟಿವ್ನಿ. ಒಂದೂವರೆ ತಿಂಗಳು ಆ ಸಾಲಿನ ಕಾಯಿ ಮುಟ್ಟಂಗಿಲ್ಲ. ಅದಕ್ಕೇ ಇವು ಆ ಕಡೆ ಮರದವು ಕಣೇ” ಎಂದರಂತೆ ಮಾವ.

“ಬುಡಕ್ಕೆ ಕೊಟ್ಟದ್ದು ಎಳನೀರಿಗೂ ಬತ್ತದಾ?” ಎಂದು ಅತ್ತೆ ಕೇಳಿದರಂತೆ.

“ಬರ್ದೆ ಏನು? ಮರ ಹುಳ ಒಂದನ್ನೇ ನೋಡಿ ಔಷಧಿ ಕಳಿಸ್ತದಾ? ಎಲ್ಲಾ ಕಡೀಕೂ ಹೋಯ್ತದೆ.”

ಮಾವ ಬಸ್ಸಿಗೆ ಹೊರಟ ಮೇಲೆ ಅತ್ತೆ, “ನನ್ ಎದೆಗೆ ಕೊಟ್ಟ ಮಾತ್ರೆನೂ ಹಂಗೇ ಎಲ್ಲಾ ಕಡೀಕೂ ಹೋಯ್ತದೆ ಅಲ್ವಾ” ಎಂದರಂತೆ. ಆಮೇಲೆ ಕುಂಕುಮದ ಕನ್ನಡಿ ತೆಗೆದು ಕಿಟಕಿಯ ಬಳಿ ಹೋದರಂತೆ.

ಸಂಜೆ ನಾನು ಹುರುಳಿಕಾಳಿನ ಬಸ್ಸಾರಿನೊಂದಿಗೆ ವಿಜಯೋತ್ಸಾಹದಲ್ಲಿ ಬಂದೆ. ಮಂಚದ ಮೇಲೆ ಒಬ್ಬ ಹೆಂಗಸು ತಲೆಯ ಮೇಲೆ ಸೆರಗಿಲ್ಲದೆ ನೆಟ್ಟಗೆ ಕೂತಿದ್ದರು. ದುಂಡು ಮುಖ, ಹಣೆಯಲ್ಲಿ ಅಗಲ ಕುಂಕುಮ. ವಾರ್ಡು ತಪ್ಪಿ ಬಂದೆನೇನೋ ಎಂದು ಹಿಂದಕ್ಕೆ ಹೆಜ್ಜೆ ಇಟ್ಟೆ.

“ಅಳಿಯಂದ್ರೇ, ಹೋಗ್ಬ್ಯಾಡಿ. ಇಲ್ಲಿ ನನ್ ಕಣ್ ನೋಡಿ.”

ಗೋಡೆಗಲ್ಲ, ಜಯಮ್ಮನಿಗಲ್ಲ, ನನಗೇ ಹೇಳಿದ ಮೊದಲ ಮಾತು. ನೋಡಿದೆ. ನಮ್ಮ ಧಾರೆಯ ದಿನ ತಲೆಯ ಮೇಲೆ ಬಿದ್ದ ಅಕ್ಷತೆಯ ಬಣ್ಣ. ಕ್ಯಾರಿಯರನ್ನು ಜಯಮ್ಮನ ಹೊಟ್ಟೆಯ ಮೇಲಿಟ್ಟು ಡಾಕ್ಟರ ಕೋಣೆಗೆ ಓಡಿದೆ.

ಡಾಕ್ಟರು ರೆಪ್ಪೆ ಎಳೆದು ನೋಡಿದರು, ಪಕ್ಕೆಯ ಕೆಳಗೆ ಒತ್ತಿದರು. “ಎಲ್ಲಾ ಮಾತ್ರೆ ನಿಲ್ಲಿಸಿ. ನಾಳೆ ಬೆಳಿಗ್ಗೆ ಒಂದೂ ಕೊಡಬೇಡಿ” ಎಂದು ನರ್ಸಿಗೆ ಹೇಳಿ, “ಊಟ ಸೇರದೆ ಎಷ್ಟು ದಿನ ಆಯ್ತಮ್ಮ?” ಎಂದರು.

“ಹತ್ತು ದಿನ ಆಯ್ತು ಸ್ವಾಮಿ. ವಾಸನೆ ಬಂದ್ರೇ ಹೊಟ್ಟೆ ತೊಳೆಸ್ತದೆ.”

“ದಿನಾ ಕೇಳಿದ್ರೆ ತಲೆ ಆಡಿಸ್ತಿದ್ರಲ್ಲ!”

“ಅಳಿಯಂದ್ರು ಪಕ್ಕದಲ್ಲೇ ನಿಂತಿರೋರು. ಬೆಂಕಿ ಮುಂದೆ ಬೆಂದು ಮಾಡ್ಕಂಡ್ ಬಂದ ಊಟ ಸೇರದಿಲ್ಲ ಅಂತ ಯಾವ ಬಾಯಲ್ಲಿ ಹೇಳನ?”

“ಮತ್ತೆ ಕ್ಯಾರಿಯರ್ರು?” ಎಂದೆ ನಾನು. ದನಿ ಸಣ್ಣದಾಗಿತ್ತು.

“ನಾನ್ ತಿಂತಿದ್ದೆ ಕಣಪ್ಪ” ಎಂದಳು ಜಯಮ್ಮ ಸೂರು ನೋಡುತ್ತಲೇ. “ಉಪ್ಪು ಒಸಿ ಮುಂದು.”

ನಾನು ಒಂದೆರಡು ದಿನ ತಪ್ಪಿಸಿಕೊಂಡಿದ್ದರೂ ಅತ್ತೆಯ ಸೆರಗು ಸರಿದು ಡಾಕ್ಟರಿಗೆ ಕಣ್ಣು ಕಾಣುತ್ತಿತ್ತು, ಬಾಯಿಬಿಟ್ಟು ಕಷ್ಟ ಹೇಳುತ್ತಿದ್ದರು. ಒಂದು ದಿನವೂ ತಪ್ಪಿಸದೆ ನಿಂತು ಸೇವೆ ಮಾಡಿದ ಅಳಿಯನಿಂದಲೇ ಜೀವಕ್ಕೆ ಸಂಚಕಾರ ಬಂದಿತ್ತು. ಇನ್ನೊಂದು ವಾರ ಅದೇ ಮಾತ್ರೆ ನುಂಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ನನ್ನ ಬಾಯಲ್ಲೇ ಉಳಿದಿದ್ದ ಅರ್ಧ ಮಾತನ್ನು ಅತ್ತೆಗೆ ಹೇಳಿ ಕ್ಷಮೆ ಕೇಳಿದೆ. “ಬುಡಿ, ನಾನು ಗ್ವಾಡೆ ಕಡೆ ತಿರಿಕಂಡಿದ್ರೆ ನೀವಾದ್ರೂ ಏನ್ ಮಾಡೀರಿ” ಎಂದರು. ಆ ರಾತ್ರಿ ನಾನು ನೆಮ್ಮದಿಯಾಗಿ ಅತ್ತುಬಿಟ್ಟೆ.

ಊರಿಂದ ನೆಂಟರು ಕಾಮಾಲೆ ಸೊಪ್ಪು ಹಿಡಿದು ಬಂದರು. “ಒಂದು ಔಷಧಿ ಮಾಡಿದ್ದೇ ಸಾಕಾಗದೆ, ಅದರ ಮ್ಯಾಲೆ ಇನ್ನೊಂದಾ?” ಎಂದು ಅತ್ತೆ ಅವರನ್ನು ವಾಪಸು ಕಳಿಸಿದರು. ನಾನು ದಿನಾ ಕಿಟಕಿಯ ಬೆಳಕಲ್ಲಿ ಅವರ ಕಣ್ಣು ನೋಡಿ, “ನೆನ್ನೆಗಿಂತ ವಾಸಿ” ಎನ್ನುತ್ತಿದ್ದೆ. ಅವರು ಕನ್ನಡಿಯಲ್ಲಿ ನೋಡಿಕೊಂಡು, “ನೀವು ಸುಳ್ಳು ಹೇಳ್ತೀರಿ, ಹಂಗೇ ಐತೆ” ಎನ್ನುತ್ತಿದ್ದರು. ಮೂರು ವಾರಕ್ಕೆ ಬಿಳುಪು ಬಂತು. ಜೊತೆಗೆ ಹಸಿವೂ ಬಂತು. ಆಮೇಲೆ ಮಾತ್ರೆಗಳನ್ನು ಒಂದೊಂದಾಗಿ, ರಕ್ತ ನೋಡಿಕೊಂಡು ಮತ್ತೆ ಕೊಟ್ಟರು. ತಂಟೆ ಮಾಡಿದ್ದನ್ನು ಬಿಟ್ಟರು. ಅತ್ತೆ ಮನೆಗೆ ಹೋದ ವಾರದಲ್ಲೇ ಶಾರದೆ ಹೆತ್ತಳು.

ಅಳಿಯನ ಎದುರು ಮುಸುಕಿಲ್ಲದೆ ಓಡಾಡುತ್ತಾಳೆ ಎಂದು ಊರಲ್ಲಿ ಆಡಿಕೊಂಡರು. ಅತ್ತೆ ಬಾವಿಕಟ್ಟೆಯಲ್ಲೇ ಉತ್ತರ ಕೊಟ್ಟರಂತೆ: “ಸತ್ತಿದ್ರೆ ನೀವೇ ಮುಸುಕು ಹಾಕಿ ಕಳಿಸ್ತಿದ್ರಿ. ಅಷ್ಟರತಂಕ ಗಾಳಿ ಆಡ್ಲಿ ಬುಡ್ರಮ್ಮ.”

ಮಾವ ತೀರಿದ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಎಂಬತ್ತೇಳು. ನಲವತ್ತು ವರ್ಷದಿಂದ ನನ್ನ ಜೊತೆ ಮಾತಾಡುತ್ತಲೇ ಇದ್ದಾರೆ. ಶಾರದೆಗೆ ನಮ್ಮಿಬ್ಬರ ನಡುವೆ ಬಾಯಿ ಹಾಕಲು ಜಾಗ ಸಿಗುವುದಿಲ್ಲ. ಮೊನ್ನೆ ಡಾಕ್ಟರ ಬಳಿಯಿಂದ ಬಂದಾಗ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಉಗುರಿನ ಮಾತ್ರೆಯ ಸಂಗತಿ ಹೇಳಿದೆ. ಮೊರ ಪಕ್ಕಕ್ಕಿಟ್ಟರು.

“ಬನ್ನಿ ಇಲ್ಲಿ. ಬೆಳಕಿಗೆ ಕೂತ್ಕಳಿ.”

“ಇನ್ನೂ ಒಂದು ಮಾತ್ರೆನೂ ನುಂಗಿಲ್ಲ ಅತ್ತೆ.”

“ಅದಕ್ಕೇ ಕರೆದಿದ್ದು. ಇವತ್ತು ನಿಮ್ ಕಣ್ಣಿನ ಬಣ್ಣ ನೋಡ್ಕಂಡಿದ್ರೆ ತಾನೆ, ನಾಳೆ ಕೆಟ್ರೆ ನಂಗೊತ್ತಾಗೋದು?”

ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು ಹಿಡಿದರು. ಬೆರಳಿಗೆ ಅವರೆಯ ಸೊಗಡಿನ ವಾಸನೆ. ಅವರ ಮುಖ ನನ್ನ ಮುಖಕ್ಕೆ ಒಂದು ಗೇಣು. ಅವರು ನನ್ನ ಕಣ್ಣು ನೋಡುವಾಗ ನಾನು ಅವರದನ್ನು ನೋಡಿದೆ. ಕರಿಗುಡ್ಡೆಯ ಸುತ್ತ ವಯಸ್ಸಿನ ತೆಳು ನೀಲಿ ಗೆರೆ ಬಂದಿದೆ, ಮಿಕ್ಕಿದ್ದೆಲ್ಲ ಬಿಳಿ. ಯಾಕೋ ನನ್ನ ಕಣ್ಣು ತುಂಬಿ ಬಂತು.

“ಆಯ್ತಾ?” ಎಂದೆ.

“ಅಲ್ಲಾಡ್ಬ್ಯಾಡಿ,” ಎಂದರು, “ಇನ್ನೊಂದು ಕಣ್ಣೈತೆ.”