ಗ್ರಾಫಿನಲ್ಲೊಂದು ಹೆಚ್ಚಿನ ದಿಬ್ಬ

ಮೂಡಲಗಿಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಮದುವೆಯಾಗಿಲ್ಲ. ನನ್ನೂರು ಹುಕ್ಕೇರಿ, ಅಲ್ಲಿ ಅಣ್ಣನ ಸಂಸಾರವಿದೆ. ವಾರವಿಡೀ ಬಾಡಿಗೆ ಕೋಣೆ, ಶನಿವಾರ ಸಂಜೆ ಊರ ಬಸ್ಸು. ಪಿಎಚ್.ಡಿ.ಗೆ ಹೆಸರು ಹಚ್ಚಿದ ಮೇಲೆ ಕ್ಲಾಸು ಮುಗಿದ ಹೊತ್ತೆಲ್ಲ ಲ್ಯಾಬಿನ ಮೂಲೆಯ ಟೇಬಲ್ಲಿಗೇ ಹೋಯಿತು. ಮೊದಮೊದಲು ಸ್ಟಾಫ್ ರೂಮಿನವರು ಚಹಾಕ್ಕೆ ಕರೆಯುತ್ತಿದ್ದರು. ನಾಲ್ಕೈದು ಸಲ ಒಲ್ಲೆ ಅಂದಮೇಲೆ ಕರೆಯುವುದನ್ನು ಬಿಟ್ಟರು. ತಪ್ಪು ನನ್ನದೇ.

ಕೆಲಸ ಇಷ್ಟು: ಇಂಧನ ಕೋಶ ಅಂತ ಬ್ಯಾಟರಿಯ ಹಾಗೆ ವಿದ್ಯುತ್ ಕೊಡುವ ಸಾಧನವೊಂದಿದೆ. ಅದರೊಳಗೆ ಪ್ಲಾಟಿನಂನ ಅತಿ ಸಣ್ಣ ಕಣಗಳಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡರೆ ಅವು ಕೆಲಸ ನಿಲ್ಲಿಸಿಬಿಡುತ್ತವೆ. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಆಕ್ಸಿಜನ್ ಕೂಡಿಕೊಂಡು, ಕಾರ್ಬನ್ ಡೈಆಕ್ಸೈಡ್ ಆಗಿ ಬಿಟ್ಟುಹೋಗುತ್ತದೆ. ಆಗ ಗ್ರಾಫಿನಲ್ಲಿ ಒಂದು ದಿಬ್ಬ ಏಳುತ್ತದೆ. ಅದು ಎಲ್ಲಿ ಏಳುತ್ತದೆಂದು ನಾನು ನೋಡಬೇಕಿತ್ತು.

ಆ ವಿಷಾನಿಲದ ಸಿಲಿಂಡರ್ ಇಡಲು ನಮ್ಮಲ್ಲಿ ಅನುಕೂಲವಿರಲಿಲ್ಲ. ಮೆಥನಾಲಿನಲ್ಲಿ ಅದ್ದಿದರೆ ಪ್ಲಾಟಿನಂ ಮೇಲೆಯೇ ಅದು ಹುಟ್ಟಿ ಅಂಟುತ್ತದೆ, ಹಾಗೇ ಮಾಡಿದೆ. ದ್ರಾವಣದಲ್ಲಿನ ಗಾಳಿ ಹೊರಹಾಕಲು ಬೇಕಾದ ಆರ್ಗಾನ್ ಗೋಕಾಕದ ವೆಲ್ಡಿಂಗ್ ಗ್ಯಾಸಿನ ಅಂಗಡಿಯಿಂದ ಬಂತು.

ಒಂದೇ ದಿಬ್ಬ ಬರಬೇಕಾದಲ್ಲಿ ಎರಡು ಬಂದವು. ಮೊದಲು ಸಣ್ಣದು, ಆಮೇಲೆ ದೊಡ್ಡದು. ಗೈಡ್ ಸರ್‌ಗೆ ಫೋನ್ ಮಾಡಿದೆ.

“ಹೊಲಸು ಕೂತಿರಬೇಕು. ಗಾಜೆಲ್ಲಾ ಛಲೋತ್ನಾಗಿ ತೊಳೀರಿ,” ಅಂದರು.

ತೊಳೆದೆ. ಆ್ಯಸಿಡ್ಡಿನಲ್ಲಿ ನೆನೆಹಾಕಿದೆ, ಕುದಿಸಿದೆ, ಮತ್ತೆ ತೊಳೆದೆ. ಬೆರಳ ತುದಿಯ ಚರ್ಮ ಸುಲಿಯಿತು. ಎರಡು ತಿಂಗಳಾದರೂ ಆ ಸಣ್ಣ ದಿಬ್ಬ ಹೋಗಲಿಲ್ಲ. ಕೋಣೆಗೆ ಬಂದು ಅನ್ನಕ್ಕಿಟ್ಟು ಕೂತರೆ, ಬೆಳಗಿನಿಂದ ಪಾಠ ಬಿಟ್ಟು ಬೇರೆ ಮಾತೇ ಆಡಿಲ್ಲವೆಂದು ನೆನಪಾಗುತ್ತಿತ್ತು.

ಒಂದು ಶನಿವಾರ, ಪ್ಲಾಟಿನಂ ಪುಡಿ ಕಲಸಿಟ್ಟ ಬಾಟಲಿಯನ್ನು ಅಲುಗಾಡಿಸಲು ಮರೆತೆ. ತಳದಲ್ಲಿ ಕರಿ ಗಷ್ಟು ಕೂತಿತ್ತು, ಮೇಲಿನ ಭಾಗ ತೆಳುಗಪ್ಪಾಗಿತ್ತು. ಅಂದರೆ ಕೆಲವು ಕಣ ಒಂದಕ್ಕೊಂದು ಹತ್ತಿಕೊಂಡು ಗಂಟಾಗಿ ಕೆಳಗಿಳಿದಿದ್ದವು, ಬಿಡಿಯಾಗಿದ್ದವು ಮೇಲೆ ಉಳಿದಿದ್ದವು. ಮೇಲಿನದನ್ನಷ್ಟೇ ತೆಗೆದು ನೋಡಿದೆ: ಒಂದೇ ದಿಬ್ಬ, ಆಮೇಲೆ ಬರುವ ದೊಡ್ಡದು. ತಳದ್ದನ್ನು ತೆಗೆದು ನೋಡಿದೆ: ಮೊದಲಿನ ಸಣ್ಣ ದಿಬ್ಬ ಎದ್ದು ನಿಂತಿತು. ಅದು ಹೊಲಸಲ್ಲ. ಗಂಟಾದ ಕಣಗಳ ಮೇಲಿನ ಮಾನಾಕ್ಸೈಡ್ ಕಡಿಮೆ ವೋಲ್ಟೇಜಿಗೇ ಬಿಟ್ಟುಹೋಗುತ್ತಿತ್ತು, ಅಷ್ಟೆ.

ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ನಿಂತು, “ಬಾಯಾರ, ಕೀಲಿ ಹಾಕ್ಲ್ಯಾ?” ಎಂದು ಕೇಳಿದ. ನನ್ನ ಮುಖ ನೋಡಿ ಗಾಬರಿಯಾದ. “ಯಾಕ್ರಿ, ಆರಾಮ ಇಲ್ಲೇನ್ರಿ?”

“ಆರಾಮ ಅದೇನಿ,” ಅಂದೆ. ಕಣ್ಣು ತುಂಬಿದ್ದು ನನಗೂ ಆಗಲೇ ಗೊತ್ತಾದದ್ದು.

ಬಸ್ ಸ್ಟ್ಯಾಂಡಿನಿಂದ ಗೈಡ್‌ಗೆ ಫೋನ್ ಹಚ್ಚಿದೆ. ಅವರು ಯಾವುದೋ ಮದುವೆಯಲ್ಲಿದ್ದರು, ಬ್ಯಾಂಡಿನ ಸದ್ದು. “ಮೇಲ್ ಮಾಡ್ರಿ, ನೋಡೂನು,” ಅಂದು ಇಟ್ಟರು.

ಬಸ್ಸಿನಲ್ಲಿ ಬಾಜೂ ಕೂತ ಹೆಂಗಸು, ಹೊಲದ ಕೆಲಸ ಮುಗಿಸಿ ಬಂದವಳು, ನನ್ನನ್ನೇ ನೋಡುತ್ತಿದ್ದಳು. “ಒಬ್ರ ನಗಾಕತ್ತೀರಲ್ರಿ ಅಕ್ಕಾರ, ಏನಾತು?”

“ಬಾಳ ದಿನದಿಂದ ನನ್ನ ಕೆಲಸದಾಗ ಒಂದ ತಪ್ಪ ಐತಿ ಅನ್ಕೊಂಡಿದ್ನಿ. ಅದು ತಪ್ಪಲ್ಲ ಅಂತ ಇವತ್ತ ತಿಳೀತು.”

“ಛಲೋ ಆತಲ್ರಿ! ಮನ್ಯಾಗ ಹೇಳ್ರಿ, ಖುಷಿ ಪಡ್ತಾರ.” ಅರಭಾವಿ ಬಂತು, ಇಳಿದು ಹೋದಳು.

ಹುಕ್ಕೇರಿಯಲ್ಲಿ ಮನೆಗೆ ಕೀಲಿ. ಅಣ್ಣ, ವೈನಿ ಹತ್ತರಗಿಯ ಬೀಗರ ಮನೆಗೆ ಹೋಗಿದ್ದರು. ಪಕ್ಕದ ಮನೆಯಿಂದ ಕೀಲಿಕೈ ತಂದು ಒಳಗೆ ಹೋದೆ. ಒಗ್ಗರಣೆ ಅವಲಕ್ಕಿ ಮಾಡಿಕೊಂಡು ನಿಂತೇ ತಿಂದೆ.

ಗೈಡ್ ಆಮೇಲೆ ಒಪ್ಪಿದರು. ಅದೇ ಒಂದು ಅಧ್ಯಾಯವಾಯಿತು. ಮೌಖಿಕ ಪರೀಕ್ಷೆಯ ದಿನ, ಹೊರಗಿನಿಂದ ಬಂದ ವಯಸ್ಸಾದ ಪರೀಕ್ಷಕರು ಅದೇ ಪುಟದಲ್ಲಿ ಬೆರಳಿಟ್ಟು, “ಇದು ಹೇಗೆ ಹೊಳೆಯಿತಮ್ಮ?” ಎಂದು ಕೇಳಿದರು. ನಾನು ಹೇಳತೊಡಗಿದೆ. ಅವರು ಮತ್ತೆ ಮತ್ತೆ ಕೇಳಿದರು, ನಾನು ಹೇಳುತ್ತಲೇ ಹೋದೆ. ಗಂಟಲು ಒಣಗಿತು. ಇಷ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ. ಊಟಕ್ಕೆ ಹೊತ್ತಾಯಿತೆಂದು ಯಾರೋ ಬಂದು ಅವರನ್ನು ಕರೆದುಕೊಂಡು ಹೋದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.