ಹಾಡಿನ ನಡುವೆ ಎರಡು ಪಾದ

ಜುಲೈ ಒಂದನೇ ತಾರೀಖು ಮಾಂಟ್ರಿಯಲ್‌ನ ಅರ್ಧ ಊರು ಮನೆ ಬದಲಾಯಿಸುತ್ತದೆ. ಬಾಡಿಗೆ ಕರಾರುಗಳೆಲ್ಲ ಒಟ್ಟಿಗೇ ಮುಗಿಯುತ್ತವೆ. ಬೀದಿ ತುಂಬ ಹಾಸಿಗೆ, ಒಲೆ, ಕುರ್ಚಿ. ಹೊರಮೆಟ್ಟಿಲುಗಳ ಮೇಲೆ ಫ್ರಿಜ್ಜು ಹೊತ್ತವರ ಬೈಗುಳ. ಹೊಸ ಮನೆಗೆ ಬೇಡವಾದದ್ದು ರಸ್ತೆಯ ಅಂಚಿನಲ್ಲೇ ಉಳಿಯುತ್ತದೆ, ಬೇಕಾದವರು ಎತ್ತಿಕೊಳ್ಳಬಹುದು.

ಸೊಲಾಂಜ್ ಮನೆ ಬದಲಾಯಿಸಿದವಳೇ ಅಲ್ಲ. ಆದರೂ ಪ್ರತಿವರ್ಷ ಆ ದಿನ ಬೆಳಿಗ್ಗೆಯೇ ಹೊರಟು, ಹಳೆಯ ಗ್ರಾಮಫೋನ್ ರೆಕಾರ್ಡುಗಳ ಪೆಟ್ಟಿಗೆ ಕಂಡಲ್ಲೆಲ್ಲ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದಳು. ಕೆಳಗಿನ ಮನೆಯ ಫೆರ್ನಾಂ ಅವಳನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಏನಮ್ಮಾ ಸೊಲಾಂಜ್, ಈ ಸಲನಾದ್ರೂ ಪೆಟ್ಟಿಗೇಲಿ ಗಂಡ ಸಿಕ್ಕಿದ್ನಾ?"

"ಸಿಕ್ಕಿದ್ದ. ಥೇಟ್ ನಿನ್ನ ಥರಾನೇ ಇದ್ದ. ಅಲ್ಲೇ ಬಿಟ್ಟು ಬಂದೆ."

ಗಂಡ ಇಲ್ಲದ್ದೇನೋ ನಿಜ. ಕೈಗವಸು ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತ ಅವಳ ಪ್ರಾಯ ಕಳೆದಿತ್ತು. ಬಸ್ ಓಡಿಸುವವನೊಬ್ಬ ಮದುವೆಗೆ ಕೇಳಿದ್ದ. ಅಮ್ಮನೂ ಜೊತೆಗಿರುತ್ತಾಳೆ ಎಂದು ಇವಳು ಹೇಳಿದ ಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ. ಅವಳೂ ಕಾಯಲಿಲ್ಲ. ಅವಳು ಹುಡುಕುತ್ತಿದ್ದದ್ದು ತಮ್ಮನ ಪಾದಗಳನ್ನು.

ಎಪ್ಪತ್ತರ ದಶಕದಲ್ಲಿ, ಉದ್ದಕೂದಲಿನ ಹುಡುಗರೆಲ್ಲ ಅಜ್ಜಂದಿರ ಹಾಡುಗಳನ್ನು ಗಿಟಾರಿಗೆ ಕೂರಿಸುತ್ತಿದ್ದ ಕಾಲದಲ್ಲಿ, ತಮ್ಮ ಲೆಯಾಂದ್ರ ಒಂದು ಸಂಜೆ ಫೋನ್ ಮಾಡಿದ್ದ.

"ಅಕ್ಕಾ, ನನ್ನ ಕಾಲು ರೆಕಾರ್ಡಿಗೆ ಹೋಯ್ತು ಕಣೇ."

"ಕಾಲು ಹೋಯ್ತಾ? ನೀನೆಲ್ಲಿದ್ದೆ?"

"ಕುರ್ಚಿ ಮೇಲೆ ಕೂತಿದ್ದೆ. ಹಾಡೋರಿಗೆ ಕಾಲಿನ ತಾಳ ಮಾತ್ರ ಸಾಕಿತ್ತು. ಬಿಯರ್ ಕುಡಿಸಿ ಕಳಿಸಿದ್ರು. ಹೊಸವರ್ಷಕ್ಕೆ ತರ್ತೀನಿ, ನೀನೇ ಕೇಳು."

ಹೊಸವರ್ಷಕ್ಕೆ ಮುಂಚೆಯೇ ಹಿಮಗಟ್ಟಿದ ರಸ್ತೆಯಲ್ಲಿ ಅವನಿದ್ದ ಕಾರು ಜಾರಿತು, ಅವನು ಉಳಿಯಲಿಲ್ಲ. ಹಾಡಿದವರು ಯಾರೆಂದು ಸೊಲಾಂಜ್ ಕೇಳಿರಲಿಲ್ಲ. ತರುತ್ತಾನಲ್ಲ ಎಂದುಕೊಂಡಿದ್ದಳು.

ಅವರ ಹಳ್ಳಿ ದೊಡ್ಡ ನದಿಯ ಕೆಳದಂಡೆಯಲ್ಲಿತ್ತು. ಅಪ್ಪ ಒನೆಸಿಮ್ ಚಳಿಗಾಲವೆಲ್ಲ ಕಾಡಿನಲ್ಲಿ ಮರ ಕಡಿಯುತ್ತಿದ್ದ, ಊರಲ್ಲಿದ್ದಾಗ ಪಿಟೀಲು ಬಾರಿಸುತ್ತಿದ್ದ. ಆ ಜನರಿಗೆ ಬೇರೆ ಮದ್ದಳೆ ಬೇಡ. ಪಿಟೀಲಿನವನು ಕೂತಲ್ಲೇ ಎರಡೂ ಕಾಲಿನಿಂದ ಹಲಗೆ ಕುಟ್ಟುತ್ತಾನೆ. ಒನೆಸಿಮನ ಕಾಲಿಗೆ ಒಂದು ಅಭ್ಯಾಸವಿತ್ತು. ಸುತ್ತು ಮುಗಿಯುವಲ್ಲಿ ಎರಡೂ ಪಾದ ಒಂದು ಉಸಿರು ಗಾಳಿಯಲ್ಲೇ ನಿಂತು, ಆಮೇಲೆ ಒಟ್ಟಿಗೆ ಬೀಳುತ್ತಿದ್ದವು. ಅವನ ಕುರ್ಚಿಯ ಬುಡದಲ್ಲೇ ಆಡಿ ಬೆಳೆದ ಲೆಯಾಂದ್ರನಿಗೆ ಅದು ಹಾಗೇ ಹತ್ತಿತ್ತು.

ಮರ ಬಿದ್ದು ಒನೆಸಿಮ್ ಸತ್ತ. ಸೂತಕದ ವರ್ಷ ಮನೆಯಲ್ಲಿ ಹಾಡು ಕುಣಿತ ನಿಷಿದ್ಧ. ಅಮ್ಮ ಅಲ್ಫೊನ್ಸೀನ್ ಪಿಟೀಲಿಗೆ ಕಪ್ಪು ಬಟ್ಟೆ ಸುತ್ತಿ ಗೋಡೆಗೆ ನೇತುಹಾಕಿದಳು. ಒಂದು ಭಾನುವಾರ ಬಟಾಣಿ ಸಾರು ಬಡಿಸುವಾಗ ಮೇಜಿನ ಕೆಳಗೆ ಲೆಯಾಂದ್ರನ ಕಾಲುಗಳ ಸದ್ದು ಎದ್ದಿತು. ಅಲ್ಫೊನ್ಸೀನ್ ಸೌಟು ಕೆಳಗಿಟ್ಟಳು.

"ನಿಮ್ಮಪ್ಪನ ಮೇಲಿನ ಮಣ್ಣು ಇನ್ನೂ ಆರಿಲ್ಲ. ಕುಣಿಯೋ ಕಾಲು ಈ ಮನೇಲಿ ಬೇಡ."

"ನಾನು ಬೇಕಂತ ಮಾಡ್ಲಿಲ್ಲಮ್ಮಾ. ಅದಾಗೇ ಬಂತು."

"ಹಾಗಾದ್ರೆ ಅದಾಗೇ ಹೋಗ್ಲಿ."

ಹುಡುಗನಿಗೂ ರೋಷ. ಅಂದೇ ಹೊರಟುಹೋದ. ಆಮೇಲೆ ಅಮ್ಮನ ನಾಲಿಗೆಯ ಮೇಲೆ ಅವನ ಹೆಸರು ಬರಲಿಲ್ಲ. ಅವನ ಶವಪೆಟ್ಟಿಗೆಯ ಮುಂದೆಯೂ ಜಪಮಣಿ ಎಣಿಸಿದಳು, ಹೆಸರೆತ್ತಲಿಲ್ಲ. ಸೊಲಾಂಜ್ ಅವಳನ್ನು ನಗರಕ್ಕೆ ಕರೆತಂದಳು. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತ ವರ್ಷಗಳು ಕಳೆದವು, ಆ ಮೌನ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಸೊಲಾಂಜಳೂ ಸತ್ತರೆ ಲೆಯಾಂದ್ರನನ್ನು ಹೆಸರಿಟ್ಟು ಕರೆಯುವವರು ಯಾರೂ ಇರುವುದಿಲ್ಲ. ಅಮ್ಮ ಒಂದು ಸಲ, ಒಂದೇ ಸಲ ಕರೆದುಬಿಡಲಿ ಎನ್ನುವುದು ಸೊಲಾಂಜಳ ಆಸೆ.

ಒಂದು ವರ್ಷ ಜುಲೈ ಒಂದರಂದು, ಮುರಿದ ದೀಪವೊಂದರ ಹಿಂದಿನ ಪೆಟ್ಟಿಗೆಯಲ್ಲಿ ಅವಳಿಗೆ ಒಂದು ರೆಕಾರ್ಡು ಸಿಕ್ಕಿತು. ಹೊದಿಕೆಯ ಮೇಲೆ ಹಿಮದ ಬಯಲು, ಕುದುರೆಯಿಲ್ಲದ ಜಾರುಬಂಡಿಯಲ್ಲಿ ನಾಲ್ವರು ಗಡ್ಡದವರು. ಹಿಂಬದಿಯಲ್ಲಿ ಗಿಟಾರು, ಕೊಳಲು ನುಡಿಸಿದವರ ಹೆಸರಿತ್ತು, ಪಾದ ಕುಟ್ಟಿದವನದು ಇರಲಿಲ್ಲ.

ಮನೆಗೆ ತಂದು ಹಾಕಿದಳು. ಹನ್ನೆರಡು ತಂತಿಯ ಗಿಟಾರು ಹನಿಹನಿಯಾಗಿ ಶುರುವಾಗಿ, ಕೊಳಲು ಸೇರಿ, ಮೂರು ಕಂಠಗಳು ಇಗರ್ಜಿಯಲ್ಲಿ ಹಾಡಿದ ಹಾಗೆ ಒಂದರ ಮೇಲೊಂದು ಏರಿದವು. ಒಂದು ಇಡೀ ಬದಿಗೆ ಒಂದೇ ಹಾಡು. ಅದರ ನಡುವೆ ಎಲ್ಲವೂ ತಟ್ಟನೆ ನಿಂತು, ಕಾಲುಗಳು ಮಾತ್ರ ಉಳಿದವು. ಸುತ್ತಿನ ಕೊನೆಗೆ ಒಂದು ಉಸಿರು ತಡೆದು ಎರಡೂ ಒಟ್ಟಿಗೆ ಬಿದ್ದಾಗ ಸೊಲಾಂಜಳಿಗೆ ಆ ಕಾಲು ಯಾರದೆಂದು ಗೊತ್ತಾಯಿತು.

ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ಅಲ್ಫೊನ್ಸೀನ್ ಚಾಕು ಹಿಡಿದೇ ಬಾಗಿಲಿಗೆ ಬಂದಳು.

"ನಿಮ್ಮಪ್ಪ ಕಣೇ! ಯಾರೇ ಇದನ್ನ ಹಿಡಿದಿಟ್ಟೋರು?"

ಆ ಮುಖದಲ್ಲಿ ಅಂಥ ನಗು ಕಂಡು ಎಷ್ಟು ಕಾಲವಾಗಿತ್ತೋ. ಸೊಲಾಂಜ್ ಮುಳ್ಳನ್ನು ಮತ್ತೆ ಹಾಡಿನ ಮೊದಲಿಗೆ ಇಟ್ಟಳು. ಆಮೇಲೆ ದಿನಾ ಊಟವಾಗುತ್ತಲೇ ಮುದುಕಿ ಕೂದಲು ಬಾಚಿಕೊಂಡು ಬಂದು ಕೂರುವಳು. "ಹಾಕೇ ನಿಮ್ಮಪ್ಪನ್ನ." ಕೇಳುತ್ತ ಕೇಳುತ್ತ ಅವಳ ಬೆರಳುಗಳೂ ತೊಡೆಯ ಮೇಲೆ ಆಡುವವು. ಸುಖವಾಗಿರಲಿ ಬಿಡು ಎಂದು ಸೊಲಾಂಜ್ ತನಗೆ ತಾನೇ ಹೇಳಿಕೊಂಡಳು. ಆದರೆ ಪ್ರತಿ ಸಂಜೆ ತಮ್ಮನ ಕಾಲನ್ನೂ ಅವನಿಂದ ಕಸಿದುಕೊಂಡಂತಾಗುತ್ತಿತ್ತು. ಭಾನುವಾರ ತಡೆಯಲಾಗಲಿಲ್ಲ.

"ಅಮ್ಮಾ, ಅದು ಅಪ್ಪ ಅಲ್ಲ."

"ಮತ್ತೆ ಯಾರು?"

"ನೀನೇ ಹೇಳು."

ಅಲ್ಫೊನ್ಸೀನ್ ಮಗಳನ್ನೇ ನೋಡಿದಳು. ಬೈಯಲಿಲ್ಲ. "ಇನ್ನೊಂದ್ಸಲ ಹಾಕು," ಎಂದಳು. ಈ ಬಾರಿ ಕಣ್ಣು ಮುಚ್ಚಿ, ಕಿವಿಯನ್ನು ಸ್ಪೀಕರಿನ ಪೆಟ್ಟಿಗೆಗೆ ಆನಿಸಿ ಕೂತಳು. ಕಾಲುಗಳು ಬಂದವು, ತಡೆದವು, ಬಿದ್ದವು. ಮತ್ತೆ ಕೊಳಲು ಎದ್ದಿತು.

"ನಿಮ್ಮಪ್ಪ ಕಾಡಿನ ರಬ್ಬರ್ ಬೂಟಲ್ಲೇ ಕುಟ್ಟೋನು," ಎಂದಳು ನಿಧಾನವಾಗಿ. "ಮಂಕು ಸದ್ದು. ಇದು ಚರ್ಮದ್ದು, ಹಿಮ್ಮಡಿಗೆ ಮೊಳೆ ಹೊಡೆಸಿದ್ದು. ಹೊಸದು."

ಸೊಲಾಂಜ್ ಮುಳ್ಳನ್ನೆತ್ತಿ ಹಾಡು ನಿಲ್ಲಿಸಿದಳು. ಅಮ್ಮ ಮುಂದುವರಿಸಿದಳು.

"ಲೆಯಾಂದ್ರನ ಹತ್ರ ಇಂಥ ಬೂಟು ಇರ್ಲಿಲ್ಲ. ಹರಿದದ್ದು ಹಾಕ್ಕೊಂಡು ಹಿಮದಲ್ಲಿ ಹೋದ. ಕಿಟಕಿಯಿಂದ ನೋಡಿದ್ದೆ ನಾನು. ಹೊಸದು ಯಾರೇ ಕೊಡಿಸಿದ್ರು ಅವನಿಗೆ?"

ಇಷ್ಟು ವರ್ಷ ಕಾದ ಹೆಸರು ಬಂದಿತ್ತು, ಬೂಟಿನ ಮಾತಿನ ನಡುವೆ. ಸೊಲಾಂಜ್ ಅಮ್ಮನ ಮಂಡಿಯ ಮೇಲೆ ಕೈಯಿಟ್ಟಳು.

"ಗೊತ್ತಿಲ್ಲಮ್ಮಾ. ಯಾರೋ ಕೊಡಿಸಿರ್ತಾರೆ."

"ಯಾರು ಕೊಡಿಸಿದ್ರೋ ನಿಂಗೆ?" ಅಲ್ಫೊನ್ಸೀನ್ ಮತ್ತೆ ಕೇಳಿದಳು. ಈ ಸಲ ಕೇಳಿದ್ದು ಮಗಳನ್ನಲ್ಲ.